ಮನೆಯ ಕೊಳಕ್ಕೆ ಎರಡನೇ ಪಂಪ್, ಎರಡನೇ ಫಿಲ್ಟರ್: ಯಾವಾಗ ಬೇಕು, ಯಾವಾಗ ದಂಡ?

ಮೊಣಕಾಲು ಸವೆದ ಅಮ್ಮನಿಗೆ ನೀರಿನಲ್ಲಿ ನಡೆದಾಡುವ ವ್ಯಾಯಾಮ ಒಳ್ಳೆಯದು ಎಂದು ಫಿಸಿಯೊಥೆರಪಿಸ್ಟ್ ಹೇಳಿರುತ್ತಾರೆ. ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲು ನೀರಿನಲ್ಲಿ ಸ್ವಲ್ಪ ಸಡಿಲವಾಗುವುದನ್ನು ಮನೆಯವರೇ ಕಂಡಿರುತ್ತಾರೆ. ಸೊಸೈಟಿಯ ಈಜುಕೊಳದಲ್ಲಿ ಸದಾ ಗದ್ದಲ, ಇಲ್ಲವೇ ಸೊಸೈಟಿಯಲ್ಲಿ ಕೊಳವೇ ಇಲ್ಲ. ಹೀಗಾಗಿ ಉಕ್ಕಿನ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು ನೆಲದ ಮೇಲೆಯೇ ನಿಲ್ಲಿಸುವ ಕೊಳವೊಂದು ಆನ್‌ಲೈನ್‌ನಲ್ಲಿ ಮನೆಗೆ ಬರುತ್ತದೆ. ಮೊದಲ ಎರಡು ದಿನ ನೀರು ಫಳಫಳ. ನಾಲ್ಕನೇ ದಿನಕ್ಕೆ ಮಬ್ಬು, ವಾರ ಕಳೆಯುವಷ್ಟರಲ್ಲಿ ಒಳಗೋಡೆ ಜಾರುತ್ತದೆ. ಆಗ ಬರುವ ಪ್ರಶ್ನೆ ಇದು: ಕೊಳದ ಜೊತೆ ಕೊಟ್ಟ ಪಂಪ್ ತೀರಾ ಚಿಕ್ಕದು, ಇನ್ನೊಂದು ಪಂಪ್ ಮತ್ತು ಫಿಲ್ಟರ್ ಸೇರಿಸಿದರೆ ಸರಿಹೋಗುತ್ತದೆಯೇ?

ಕೆಲವೊಮ್ಮೆ ಹೌದು. ಆದರೆ ಅದು ಸರಿಪಡಿಸುವುದು ನೀರಿನ ಮಬ್ಬನ್ನು, ರೋಗಾಣುವನ್ನಲ್ಲ. ಕನ್ನಡದಲ್ಲಿ ತಿಳಿನೀರು ಎಂದರೆ ಒಳ್ಳೆಯ ನೀರು ಎಂಬ ಭಾವ ಹೇಗೋ ಸೇರಿಕೊಂಡಿದೆ. ಕೊಳದ ವಿಷಯದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಅದರಲ್ಲೂ ನೀರಿಗಿಳಿಯುವವರು ರೋಗಿಗಳಾಗಿದ್ದರೆ.

ಮೊದಲು ಲೆಕ್ಕ

15 ಅಡಿ ಅಗಲದ, 1 ಮೀಟರ್ ಆಳ ನೀರು ನಿಲ್ಲುವ ದುಂಡನೆಯ ಕೊಳವನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 16,400 ಲೀಟರ್ ನೀರು ಹಿಡಿಯುತ್ತದೆ. ಜೊತೆಗೆ ಬಂದ ಪಂಪಿನ ಮೇಲೆ ಗಂಟೆಗೆ 2,000 ಲೀಟರ್ ಎಂದು ಬರೆದಿದ್ದರೆ, ಅಷ್ಟೂ ನೀರು ಒಂದು ಸುತ್ತು ಬರಲು 8 ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಇಲ್ಲಿ ಹಲವರು ಒಂದು ತಪ್ಪು ತಿಳಿಯುತ್ತಾರೆ. ಒಂದು ಸುತ್ತು ಆಯಿತು ಎಂದರೆ ಎಲ್ಲ ನೀರೂ ಫಿಲ್ಟರ್ ಮೂಲಕ ಹೋಯಿತು ಎಂದಲ್ಲ. ಶುದ್ಧವಾದ ನೀರು ಅದೇ ಕೊಳಕ್ಕೆ ಮರಳಿ, ಇನ್ನೂ ಶುದ್ಧವಾಗದ ನೀರಿನೊಂದಿಗೆ ಬೆರೆಯುತ್ತದೆ. ಆದ್ದರಿಂದ ಒಂದು ಸುತ್ತಿನಲ್ಲಿ ನಿಜಕ್ಕೂ ಫಿಲ್ಟರ್ ಮುಟ್ಟಿ ಬರುವುದು ಶೇ. 63ರಷ್ಟು ನೀರು ಮಾತ್ರ. ಎರಡು ಸುತ್ತಿಗೆ ಶೇ. 86, ಮೂರಕ್ಕೆ ಶೇ. 95, ನಾಲ್ಕಕ್ಕೆ ಶೇ. 98.

ಫಾರ್ಮಸಿ ಓದಿದವರಿಗೆ ಇದು ಹಳೆಯ ಪರಿಚಯ. ರಕ್ತದಲ್ಲಿರುವ ಔಷಧವನ್ನು ಮೂತ್ರಪಿಂಡ ಹೊರಹಾಕುವುದೂ ಹೀಗೆಯೇ. ಎಲ್ಲ ಒಂದೇ ಸಲಕ್ಕೆ ಹೋಗುವುದಿಲ್ಲ, ಅರ್ಧ ಹೋಗಲು ಒಂದಿಷ್ಟು ಹೊತ್ತು, ಉಳಿದ ಅರ್ಧದ ಅರ್ಧ ಹೋಗಲು ಮತ್ತೆ ಅಷ್ಟೇ ಹೊತ್ತು. ನಮ್ಮ ಉದಾಹರಣೆಯ ಕೊಳದಲ್ಲಿ ಕೊಳೆ ಅರ್ಧಕ್ಕಿಳಿಯಲು ಸುಮಾರು 5.7 ಗಂಟೆ ಬೇಕು. ಪಂಪನ್ನು ದಿನಕ್ಕೆ ಎರಡೇ ಗಂಟೆ ಓಡಿಸಿ, ನೀರು ಯಾಕೆ ಮಬ್ಬಾಗಿದೆ ಎಂದು ಕೇಳಿದರೆ ಉತ್ತರ ಈ ಲೆಕ್ಕದಲ್ಲೇ ಇದೆ.

ಇನ್ನೊಂದು ವಿಷಯ. ಪೆಟ್ಟಿಗೆಯ ಮೇಲಿನ ಲೀಟರ್ ಸಂಖ್ಯೆ ಹೊಸ ಪಂಪಿನದು, ಅಡ್ಡಿ ಇಲ್ಲದ ಹರಿವಿನದು. ಪೈಪು ಉದ್ದವಾದಷ್ಟೂ, ಫಿಲ್ಟರಿನ ಕಾರ್ಟ್ರಿಜ್ ಕೊಳೆಯಾದಷ್ಟೂ ಅದು ಇಳಿಯುತ್ತದೆ. ನಿಮ್ಮ ಪಂಪ್ ನಿಜಕ್ಕೂ ಎಷ್ಟು ನೀರು ತಳ್ಳುತ್ತಿದೆ ಎಂದು ತಿಳಿಯಲು 20 ಲೀಟರಿನ ಬಕೆಟ್ ಸಾಕು. ನೀರು ವಾಪಸ್ ಬರುವ ಹೋಸನ್ನು ಕೊಳದ ನೀರಿನ ಮಟ್ಟಕ್ಕೇ ಹಿಡಿದು, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಆಯಿತು ನೋಡಿ. 36 ಸೆಕೆಂಡ್ ಆದರೆ ಗಂಟೆಗೆ 2,000 ಲೀಟರ್. ಒಂದು ನಿಮಿಷ ಆದರೆ 1,200 ಲೀಟರ್ ಮಾತ್ರ, ಆಗ ಒಂದು ಸುತ್ತಿಗೆ 13 ಗಂಟೆ ದಾಟುತ್ತದೆ.

ಹೊಸ ಪಂಪಿಗೆ ದುಡ್ಡು ಸುರಿಯುವ ಮೊದಲು ಕಾರ್ಟ್ರಿಜ್ ತೆಗೆದು ತೊಳೆಯಿರಿ, ಹಳೆಯದಾಗಿದ್ದರೆ ಬದಲಿಸಿ. ಎರಡು ವಾರಕ್ಕೊಮ್ಮೆ ಬದಲಿಸಿ ಎನ್ನುವ ತಯಾರಕರಿದ್ದಾರೆ. ನಮ್ಮಲ್ಲಿ ಅದು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಎಣ್ಣೆ ಹಚ್ಚಿದ ತಲೆ, ನೋವಿನ ಮುಲಾಮು ಸವರಿದ ಮೊಣಕಾಲು, ಸನ್‌ಸ್ಕ್ರೀನ್ ಇವೆಲ್ಲ ಕಾಗದದ ಮಡಿಕೆಗಳಲ್ಲಿ ಜಿಡ್ಡಾಗಿ ಕೂರುತ್ತವೆ. ಬರಿ ನೀರು ಹೊಡೆದರೆ ಆ ಜಿಡ್ಡು ಹೋಗದು. ನೀರಿಗಿಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡುವುದೊಂದನ್ನು ರೂಢಿಸಿಕೊಂಡರೆ ಫಿಲ್ಟರಿನ ಅರ್ಧ ಕೆಲಸ ಉಳಿಯುತ್ತದೆ. ಇಷ್ಟೆಲ್ಲ ಮಾಡಿ, ಪಂಪನ್ನು ದಿನಕ್ಕೆ 12 ಗಂಟೆ ಓಡಿಸಿದರೂ ಕೊಳದ ತಳ ಸ್ಪಷ್ಟವಾಗಿ ಕಾಣದಿದ್ದರೆ, ಆಗ ಎರಡನೇ ಪಂಪಿನ ಮಾತು. ಬೋರ್‌ವೆಲ್ ನೀರು ತುಂಬಿಸುವ ಮನೆಗಳಲ್ಲಿ ಇದು ಬೇಗ ಎದುರಾಗುತ್ತದೆ. ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಕ್ಲೋರಿನ್ ಬಿದ್ದ ಕೂಡಲೇ ಅದು ತುಕ್ಕಿನ ಬಣ್ಣಕ್ಕೆ ತಿರುಗಿ, ಚಿಕ್ಕ ಕಾರ್ಟ್ರಿಜ್ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ.

ಗಂಟೆಗೆ 4,000 ಲೀಟರಿನ ಎರಡನೇ ಪಂಪ್ ಸೇರಿಸಿದರೆ ಒಟ್ಟು 6,000 ಲೀಟರ್. ಒಂದು ಸುತ್ತಿಗೆ 2.7 ಗಂಟೆ, 8 ಗಂಟೆಯಲ್ಲಿ ಹತ್ತಿರ ಹತ್ತಿರ ಮೂರು ಸುತ್ತು. ಆದರೆ ಈ ಲಾಭ ಸಿಗುವುದು ಸರಿಯಾಗಿ ಜೋಡಿಸಿದಾಗ ಮಾತ್ರ.

ಜೋಡಿಸುವುದು ಹೇಗೆ

ಸಾಮಾನ್ಯವಾಗಿ ಪ್ಲಂಬರ್ ಮಾಡುವುದು ಹೀಗೆ: ಇರುವ ಪೈಪಿಗೇ ಒಂದು ಟೀ ಹಾಕಿ, ಹೊಸ ಪಂಪನ್ನೂ ಅದಕ್ಕೇ ಸಿಕ್ಕಿಸುತ್ತಾರೆ. ಒಂದೇ ಎಳನೀರಿಗೆ ಒಂದೇ ಸ್ಟ್ರಾ ಹಾಕಿ ಇಬ್ಬರು ಹೀರಿದಂತೆ ಇದು. ಜೋರಿರುವ ಪಂಪ್ ಎಳೆದುಕೊಳ್ಳುತ್ತದೆ, ಚಿಕ್ಕದು ನೀರು ಸಿಗದೆ ಗಾಳಿ ಎಳೆದು ಬಿಸಿಯಾಗುತ್ತದೆ. ವಾಪಸ್ ಪೈಪೂ ಒಂದೇ ಆಗಿದ್ದು ನಡುವೆ ನಾನ್‌ರಿಟರ್ನ್ ವಾಲ್ವ್ ಇಲ್ಲದಿದ್ದರೆ, ಚಿಕ್ಕ ಪಂಪ್ ನಿಂತಾಗ ದೊಡ್ಡದು ಅದರ ಮೂಲಕ ನೀರನ್ನು ಹಿಂದಕ್ಕೆ ತಳ್ಳಿ, ಫಿಲ್ಟರಿನಲ್ಲಿ ಹಿಡಿದಿಟ್ಟ ಕೊಳೆಯನ್ನೆಲ್ಲ ಕೊಳಕ್ಕೇ ಬಿಡುತ್ತದೆ. ಒಂದರ ಹಿಂದೆ ಒಂದು ಪಂಪ್ ಇಟ್ಟರೂ ಹರಿವು ದುಪ್ಪಟ್ಟಾಗುವುದಿಲ್ಲ. ಒತ್ತಡ ಮಾತ್ರ ಏರುತ್ತದೆ. ಚಿಕ್ಕ ಫಿಲ್ಟರಿನ ಪ್ಲಾಸ್ಟಿಕ್ ಮುಚ್ಚಳ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ, ಸಿಡಿಯಬಹುದು.

ಸರಿಯಾದ ದಾರಿ ಎಂದರೆ ಎರಡನೆಯದಕ್ಕೆ ಎಲ್ಲವೂ ಬೇರೆ: ಬೇರೆ ಹೀರುವ ಪೈಪ್, ಬೇರೆ ಪಂಪ್, ಬೇರೆ ಫಿಲ್ಟರ್, ಬೇರೆ ವಾಪಸ್ ಪೈಪ್. ಹೊಸ ವಾಪಸ್ ಬಾಯಿಯನ್ನು ಹಳೆಯದರ ಎದುರು ಬದಿಯಲ್ಲಿ, ಎರಡೂ ಒಂದೇ ದಿಕ್ಕಿಗೆ ನೀರು ಸುತ್ತಿಸುವಂತೆ ಓರೆಯಾಗಿ ತಿರುಗಿಸಿ. ದುಂಡನೆಯ ಕೊಳದಲ್ಲಿ ಒಂದೇ ಪಂಪ್ ಇದ್ದಾಗ ಎದುರು ಬದಿಯಲ್ಲಿ, ಏಣಿಯ ಹಿಂದೆ, ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಕ್ಲೋರಿನ್ ತಲುಪದ, ಪಾಚಿ ಮೊದಲು ಹಿಡಿಯುವ ಜಾಗ ಅದೇ. ನನ್ನ ಅಭಿಪ್ರಾಯದಲ್ಲಿ ಎರಡನೇ ಪಂಪಿನ ದೊಡ್ಡ ಉಪಯೋಗ ಇದು, ಹೆಚ್ಚಿನ ಲೀಟರ್ ಅಲ್ಲ.

ಪ್ಲಾಸ್ಟಿಕ್ ಹಾಳೆಗೆ ಹೊಸ ತೂತು ಕೊರೆಯಬೇಡಿ. ಒಳಗಿನ ನೀರಿನ ಒತ್ತಡಕ್ಕೆ ಆ ತೂತು ಸೀಳಾಗಿ ಬೆಳೆಯಬಹುದು. ಎರಡನೇ ಜೋಡಿ ಬಾಯಿ ಮೊದಲೇ ಇರುವ ಕೊಳವಾದರೆ ಅನುಕೂಲ, ಇಲ್ಲವಾದರೆ ಅಂಚಿನ ಮೇಲಿಂದ ಇಳಿಬಿಡುವ ಪೈಪುಗಳು ಸಿಗುತ್ತವೆ. ಪಂಪ್ ಕೊಳದ ನೀರಿನ ಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಎರಡೂ ಬದಿಗೆ ವಾಲ್ವ್ ಬೇಕೇ ಬೇಕು. ವಾಲ್ವ್ ಮುಚ್ಚದೆ ಫಿಲ್ಟರಿನ ಮುಚ್ಚಳ ತೆಗೆದರೆ ಕೊಳವೇ ಅಂಗಳಕ್ಕೆ ಇಳಿದುಬರುತ್ತದೆ.

ಹೀರುವ ಬಾಯಿಗೆ ಗಟ್ಟಿಯಾದ ಜಾಲರಿ ಕಡ್ಡಾಯ. ಪಂಪ್ ದೊಡ್ಡದಾದಷ್ಟೂ ಎಳೆತ ಹೆಚ್ಚು. ಕೂದಲು, ಬಟ್ಟೆಯ ತುದಿ, ಮಗುವಿನ ಕೈ ಅಲ್ಲಿ ಸಿಕ್ಕಿಕೊಂಡು ಮೇಲೇಳಲಾಗದೆ ಸಾವುಗಳಾಗಿವೆ. ಅಮೆರಿಕದಲ್ಲಿ ಇದಕ್ಕಾಗಿಯೇ 2007ರಲ್ಲಿ ಒಂದು ಕಾನೂನು ತಂದು, ಸಾರ್ವಜನಿಕ ಕೊಳಗಳಲ್ಲಿ ದೇಹ ಅಂಟಿಕೊಳ್ಳದ ರೀತಿಯ ಜಾಲರಿಯನ್ನು ಕಡ್ಡಾಯ ಮಾಡಿದರು. ಕೈಕಾಲಿನ ಮೇಲೆ ಹಿಡಿತವಿಲ್ಲದ ಮಗು ಅಥವಾ ಪಾರ್ಶ್ವವಾಯು ಆದವರು ನೀರಿಗಿಳಿಯುವ ಮನೆಯಲ್ಲಿ ನಿಯಮ ಇನ್ನೂ ಸರಳ: ಜನ ನೀರಿನಲ್ಲಿರುವಾಗ ಎರಡೂ ಪಂಪ್ ಬಂದ್, ಪ್ಲಗ್ ಕಿತ್ತಿಟ್ಟಿರಬೇಕು.

ಅದಕ್ಕೆ ಇನ್ನೊಂದು ಕಾರಣ ವಿದ್ಯುತ್. ಎರಡನೇ ಪಂಪ್ ಬಂದಾಗ ಎಕ್ಸ್‌ಟೆನ್ಷನ್ ಬೋರ್ಡ್ ಹುಲ್ಲಿನ ಮೇಲೆ ಬಂದು ಮಲಗುತ್ತದೆ. ಒದ್ದೆ ಮೈಗೆ ಶಾಕ್ ಹೊಡೆದರೆ ಬದುಕುವ ಸಾಧ್ಯತೆ ಕಡಿಮೆ. ಪಂಪಿನ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಯಿಸಿ. ಬೋರ್‌ವೆಲ್‌ನ ಅಥವಾ ಮೇಲಿನ ಟ್ಯಾಂಕಿನ ಮೋಟರನ್ನು ಕೊಳಕ್ಕೆ ಬಳಸುವುದು ಬೇಡವೇ ಬೇಡ.

ಮರಳೋ, ಕಾಗದವೋ

ಎರಡನೆಯದಾಗಿ ಮರಳಿನ ಫಿಲ್ಟರ್ ಕೊಳ್ಳುವುದು ಒಳ್ಳೆಯದು, ಪದೇ ಪದೇ ಬದಲಿಸುವ ರಗಳೆ ಇಲ್ಲ. ಅದಕ್ಕೆಂದೇ ಮಾರುವ 0.45ರಿಂದ 0.55 ಮಿಲಿಮೀಟರ್ ಕಣದ ಸಿಲಿಕಾ ಮರಳು ಬೇಕು, ಮನೆ ಕಟ್ಟುವ ಮರಳು ಆಗದು. ಒತ್ತಡದ ಮೀಟರಿನ ಮುಳ್ಳು ಶುದ್ಧ ಸ್ಥಿತಿಗಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ. ಅದಕ್ಕೂ ಮೊದಲೇ ಆಗಾಗ ಮಾಡುವುದರಿಂದ ಲಾಭವಿಲ್ಲ. ತುಸು ಕೊಳೆ ಹಿಡಿದ ಮರಳು ಹೊಸ ಮರಳಿಗಿಂತ ಚೆನ್ನಾಗಿ ಸೋಸುತ್ತದೆ.

ಈಗ ಗಾತ್ರಗಳನ್ನು ನೋಡಿ. ಮರಳಿನ ಫಿಲ್ಟರ್ ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನಿನ ಕಣಗಳನ್ನು, ಕಾರ್ಟ್ರಿಜ್ ಸುಮಾರು 10ರಿಂದ 20. ಭೇದಿ ತರುವ ಇ. ಕೋಲೈ ಬ್ಯಾಕ್ಟೀರಿಯಾ 1ರಿಂದ 2 ಮೈಕ್ರಾನ್. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ 4ರಿಂದ 6. ವೈರಸ್ ಇನ್ನೂ ಎಷ್ಟೋ ಪಟ್ಟು ಚಿಕ್ಕದು. ಮೀನಿನ ಬಲೆಯಲ್ಲಿ ಸಾಸಿವೆ ಹಿಡಿಯಲು ಹೊರಟ ಹಾಗೆ. ಎರಡಲ್ಲ, ನಾಲ್ಕು ಫಿಲ್ಟರ್ ಇಟ್ಟರೂ ಇವು ದಾಟಿ ಹೋಗುತ್ತವೆ. ಅಷ್ಟೇ ಅಲ್ಲ, ನೋಡಿಕೊಳ್ಳದ ಫಿಲ್ಟರ್ ತಾನೇ ರೋಗಾಣುವಿನ ಮನೆಯಾಗುತ್ತದೆ. ಕಾರ್ಟ್ರಿಜ್ ಮೇಲಿನ ಲೋಳೆಯಲ್ಲಿ ಸ್ಯೂಡೋಮೊನಾಸ್ ಸುಖವಾಗಿ ಬೆಳೆಯುತ್ತದೆ. ಈಜಿದವರ ಕಿವಿನೋವಿಗೆ, ಮೈಮೇಲಿನ ಕೀವುಗುಳ್ಳೆಗೆ ಅದು ಸಾಮಾನ್ಯ ಕಾರಣ. ಫಿಲ್ಟರ್ ಎರಡಾದರೆ ತೊಳೆಯಬೇಕಾದ್ದೂ ಎರಡಾಯಿತು.

ಕ್ಲೋರಿನ್‌ಗೂ ಡೋಸ್ ಇದೆ

ರೋಗಾಣು ಕೊಲ್ಲುವುದು ಕ್ಲೋರಿನ್. ಅಮೆರಿಕದ ಸಿಡಿಸಿ ಸಂಸ್ಥೆ ಕೊಡುವ ಅಂಕಿಗಳ ಪ್ರಕಾರ ನೀರಿನಲ್ಲಿ 1 ಪಿಪಿಎಂ ಮುಕ್ತ ಕ್ಲೋರಿನ್, 7.5 ಪಿಎಚ್, 25 ಡಿಗ್ರಿ ಉಷ್ಣತೆ ಇದ್ದಾಗ ಇ. ಕೋಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ. ಕ್ರಿಪ್ಟೋಸ್ಪೊರಿಡಿಯಂಗೆ ಹತ್ತು ದಿನಕ್ಕೂ ಹೆಚ್ಚು. ಅದಕ್ಕೆ ಫಿಲ್ಟರೂ ಇಲ್ಲ, ಕ್ಲೋರಿನ್ನೂ ಬೇಗ ಕೆಲಸಕ್ಕೆ ಬಾರದು. ಅದು ಬಾರದಂತೆ ತಡೆಯುವುದೊಂದೇ ಉಪಾಯ: ಭೇದಿಯಾದವರನ್ನು ನೀರಿಗಿಳಿಸಬೇಡಿ. ಕ್ರಿಪ್ಟೋ ಎಂದು ಗೊತ್ತಾಗಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಕಾಯಿರಿ.

ಮನೆಯ ಕೊಳದಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ ಇರಬೇಕು. ಮಾತ್ರೆ ರೂಪದ ಟಿಸಿಸಿಎ ಬಳಸುತ್ತಿದ್ದರೆ ಕನಿಷ್ಠ 2, ಏಕೆಂದರೆ ಅದರಲ್ಲಿರುವ ಸಯನ್ಯೂರಿಕ್ ಆಮ್ಲ ಕ್ಲೋರಿನ್ನಿನ ವೇಗ ಕಡಿಮೆ ಮಾಡುತ್ತದೆ. ಆ ಆಮ್ಲ ದಿನೇ ದಿನೇ ಶೇಖರವಾಗುತ್ತದೆ, ಮರಳು ಅಥವಾ ಕಾಗದದ ಫಿಲ್ಟರ್ ಅದನ್ನು ತೆಗೆಯಲಾರದು, ಒಂದಿಷ್ಟು ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಪಿಎಚ್ 7.0ರಿಂದ 7.8ರ ನಡುವೆ ಇರಲಿ. 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಬಲವಾದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಡೋಸ್ ಸರಿಯಿದ್ದೂ ಔಷಧ ಕೆಲಸ ಮಾಡದ ಪರಿಸ್ಥಿತಿ ಇದು.

ಬ್ಲೀಚಿಂಗ್ ಪೌಡರ್ ಬಳಸುವವರಿಗೆ ಲೆಕ್ಕ: 16,400 ಲೀಟರಿಗೆ 1 ಪಿಪಿಎಂ ಏರಿಸಲು 16.4 ಗ್ರಾಂ ಕ್ಲೋರಿನ್ ಬೇಕು. ತಾಜಾ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್, ಅಂದರೆ ಸುಮಾರು 50 ಗ್ರಾಂ ಪೌಡರ್. ಬಾಯಿ ತೆರೆದಿಟ್ಟ ಹಳೆಯ ಚೀಲದ್ದಾದರೆ ಎಷ್ಟು ಉಳಿದಿದೆ ಎಂದು ಹೇಳಲಾಗದು, ಅಳೆದೇ ನೋಡಬೇಕು. ಪ್ಲಾಸ್ಟಿಕ್ ಬಕೆಟ್ ನೀರಿಗೆ ಪೌಡರ್ ಹಾಕಿ ಕಲಕಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಿರಿ. ಸುಣ್ಣ ಹೋದರೆ ಹೊಸ ಫಿಲ್ಟರೂ ಕಟ್ಟುತ್ತದೆ. ಬಿಸಿಲು ಕ್ಲೋರಿನ್ನನ್ನು ಬೇಗ ಕಳೆಯುವುದರಿಂದ ಸಂಜೆ ಹಾಕಿ, ರಾತ್ರಿ ಪಂಪ್ ಓಡಲಿ. ಬೆಳಗ್ಗೆ ಇಳಿಯುವ ಮುನ್ನ ಮತ್ತೆ ಅಳೆಯಿರಿ. ಅಳೆಯಲು ಡಿಪಿಡಿ ಕಿಟ್ ಕೊಳ್ಳಿ. ಅಗ್ಗದಲ್ಲಿ ಸಿಗುವ, ನೀರು ಹಳದಿಯಾಗುವ ಓಟಿಒ ಹನಿಗಳು ಒಟ್ಟು ಕ್ಲೋರಿನ್ನನ್ನು ಮಾತ್ರ ತೋರಿಸುತ್ತವೆ, ಅದರಲ್ಲಿ ಕೆಲಸಕ್ಕೆ ಬರುವುದು ಎಷ್ಟು ಎಂದು ಹೇಳುವುದಿಲ್ಲ.

ಈಜುಕೊಳದ ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಎಂದುಕೊಳ್ಳುತ್ತೇವೆ. ಬಹುತೇಕ ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಬೆರೆತು ಹುಟ್ಟುವ ಕ್ಲೋರಮೀನ್. ಕಣ್ಣು ಕೆಂಪಾಗುವುದು, ಅಸ್ತಮಾ ಇರುವವರಿಗೆ ಕೆಮ್ಮು ಕೆರಳುವುದು ಅದರಿಂದ. ಶೀಟ್ ಹೊದಿಸಿದ, ಗಾಳಿಯಾಡದ ಜಾಗದಲ್ಲಿ ಕೊಳವಿದ್ದರೆ ಇನ್ನೂ ಜಾಸ್ತಿ.

ಔಷಧ ಅಂಗಡಿಯಲ್ಲಿ ನಿಂತವಳಾಗಿ ಇದೊಂದನ್ನು ಒತ್ತಿ ಹೇಳುತ್ತೇನೆ: ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಎರಡನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ, ಒಂದೇ ಬಕೆಟ್‌ನಲ್ಲಿ ಬೆರೆಸಬೇಡಿ. ಬೆಂಕಿ ಹೊತ್ತಬಹುದು, ಸಿಡಿಯಬಹುದು. ಬ್ಲೀಚಿಗೆ ಆಮ್ಲ ಸೇರಿದರೆ ಬರುವುದು ವಿಷದ ಕ್ಲೋರಿನ್ ಅನಿಲ, ಬಾತ್‌ರೂಮ್ ತೊಳೆಯುವ ಆಸಿಡ್ ಕೂಡ ಸಾಕು. ಯಾವಾಗಲೂ ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಹಾಕಬೇಡಿ.

ಯಾರು ಇಳಿಯಬಾರದು, ಯಾರು ಕೇಳಿ ಇಳಿಯಬೇಕು

ಕೀಮೋಥೆರಪಿ ನಡೆಯುತ್ತಿರುವವರು, ಅಂಗ ಕಸಿಯಾದವರು, ಪಿಕ್ ಲೈನ್ ಅಥವಾ ಡಯಾಲಿಸಿಸ್ ಕ್ಯಾಥೆಟರ್ ಇರುವವರು ಎಷ್ಟೇ ಫಿಲ್ಟರ್ ಇದ್ದರೂ ತಮ್ಮ ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಮಾಗಿ ಸರ್ಜನ್ ಹೂಂ ಎನ್ನುವವರೆಗೆ ನೀರಿನ ವ್ಯಾಯಾಮ ಇಲ್ಲ. ಮಧುಮೇಹದಿಂದ ಪಾದ ಮರಗಟ್ಟಿದವರು ಇಳಿಯುವ ಮೊದಲು, ಹತ್ತಿದ ಮೇಲೆ ಪಾದ ನೋಡಿಕೊಳ್ಳಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಬೇಡಿ, ಕಣ್ಣಿನ ಕರಿಗುಡ್ಡೆಗೆ ಅಮೀಬಾ ಸೋಂಕು ತಗುಲಿದರೆ ಗುಣವಾಗಲು ತಿಂಗಳುಗಳೇ ಬೇಕು. ಫೆಂಟನಿಲ್‌ನಂಥ ನೋವಿನ ಪ್ಯಾಚ್ ಅಂಟಿಸಿಕೊಂಡವರು ಬೆಚ್ಚಗಿನ ನೀರಿನಿಂದ ದೂರವಿರಬೇಕು. ಶಾಖಕ್ಕೆ ಔಷಧ ಬೇಗ ಮೈಗಿಳಿಯುತ್ತದೆ, ಉದುರಿದ ಪ್ಯಾಚ್ ಮಗುವಿನ ಕೈಗೆ ಸಿಕ್ಕರೆ ಪ್ರಾಣಾಪಾಯ. ಕಿವಿನೋವು ಬಂದರೆ ಮನೆಯಲ್ಲಿರುವ ಹಳೆಯ ಹನಿ ಹಾಕಬೇಡಿ, ತಮಟೆ ತೂತಾಗಿದ್ದರೆ ಕೆಲವು ಆ್ಯಂಟಿಬಯಾಟಿಕ್ ಹನಿಗಳು ಕೇಳುವ ಶಕ್ತಿಗೇ ಕುತ್ತು ತರುತ್ತವೆ.

ಮುಂಬೈ, ಪುಣೆಯವರು ಕೇಳುವ ತಾರಸಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. 1 ಮೀಟರ್ ಆಳದ ನೀರು ಒಂದು ಚದರ ಮೀಟರಿಗೆ 1,000 ಕಿಲೋ ಭಾರ. ಓಡಾಡಲು ಬಳಸುವ ತಾರಸಿಗೆ ನಮ್ಮ ಐಎಸ್ 875 ಮಾನದಂಡ ಇಟ್ಟುಕೊಳ್ಳುವ ಭಾರ ಸುಮಾರು 150 ಕಿಲೋ. ಕಟ್ಟಡದ ವಿನ್ಯಾಸ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಅಲ್ಲಿ ಕೊಳ ಇಡಬಾರದು.

ಊರಿಗೆ ಹೋಗುವಾಗ ಪಂಪ್ ನಿಲ್ಲಿಸಿ ನೀರು ಹಾಗೇ ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ, ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ವಾರಕ್ಕಿಂತ ಹೆಚ್ಚು ದಿನ ಹೋಗುವುದಾದರೆ ಖಾಲಿ ಮಾಡಿ. ಹತ್ತಿರದಲ್ಲಿ ಚಿಕ್ಕ ಮಕ್ಕಳಿದ್ದರೆ ದಿನದ ಬಳಕೆ ಮುಗಿದ ಕೂಡಲೇ ಏಣಿ ತೆಗೆದಿಡಿ.

ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಬೆಳೆಯಬಹುದು. ಕೇರಳದಲ್ಲಿ 2024ರಲ್ಲಿ ಕೆರೆಕೊಳಗಳಲ್ಲಿ ಮಿಂದ ಮಕ್ಕಳು ಅಮೀಬಾದ ಮಿದುಳು ಸೋಂಕಿನಿಂದ ತೀರಿಕೊಂಡ ಸುದ್ದಿ ಓದಿರುತ್ತೀರಿ. ಅದು ಒಳಹೋಗುವುದು ಮೂಗಿನ ಮೂಲಕ, ಕುಡಿದರೆ ಅಲ್ಲ. ಅಪರೂಪದ ಕಾಯಿಲೆ, ಕ್ಲೋರಿನ್ ಸದಾ ಸರಿಯಿರುವ ಕೊಳದಲ್ಲಿ ಅದಕ್ಕೆ ಉಳಿಗಾಲವಿಲ್ಲ. ಆದರೂ ನೀರಿಗಿಳಿದ 1ರಿಂದ 12 ದಿನಗಳೊಳಗೆ ಜ್ವರ, ತೀವ್ರ ತಲೆನೋವು, ವಾಂತಿ, ಕತ್ತು ಬಿಗಿತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರೋಗಿ ಯಾವ ದಿನ ನೀರಿಗಿಳಿದಿದ್ದರು, ಮೂಗಿಗೆ ನೀರು ಹೋಗಿತ್ತೇ, ಕ್ಲೋರಿನ್ ಕೊನೆಗೆ ಅಳೆದದ್ದು ಯಾವಾಗ ಎಂಬ ಮೂರನ್ನೂ ವೈದ್ಯರು ಕೇಳುವ ಮೊದಲೇ ಹೇಳಿ.